ಡ್ರೀಮ್‌ಕಾಸ್ಟ್: ಒಳ್ಳೇ ಮಷೀನು, ಹಳೇ ಸಾಲ

1998ರಲ್ಲಿ ಜಪಾನ್ ಟಿವಿಲಿ ಒಂದು ಜಾಹೀರಾತು ಬರ್ತಿತ್ತು. ಹುಡುಗ್ರು ಮಾತಾಡ್ಕೋತಿರ್ತಾರೆ, ಸೆಗಾ ಎಲ್ಲಾ ಬೇಡಪ್ಪ, ಚೆನ್ನಾಗಿಲ್ಲ, ಪ್ಲೇಸ್ಟೇಷನ್ನೇ ಮಜಾ ಅಂತ. ಅಲ್ಲೇ ಇದ್ದ ಕೋಟು ಟೈ ಹಾಕಿರೋ ಒಬ್ಬ ಆಫೀಸ್ ಮನುಷ್ಯ ಇದನ್ನ ಕೇಳಿಸ್ಕೊಂಡು ಕುಗ್ಗಿ ಹೋಗ್ತಾನೆ. ಆ ಮನುಷ್ಯ ನಟ ಅಲ್ಲ. ಹಿದೇಕಾಜು ಯುಕಾವಾ ಅಂತ, ಸೆಗಾ ಅನ್ನೋ ಜಪಾನಿನ ವಿಡಿಯೋ ಗೇಮ್ ಕಂಪನಿಯ ನಿಜವಾದ ಹಿರಿಯ ಅಧಿಕಾರಿ. ಜಾಹೀರಾತು ಕೊಟ್ಟಿದ್ದು ಪ್ಲೇಸ್ಟೇಷನ್ ಮಾಡೋ ಸೋನಿ ಅಲ್ಲ, ಸೆಗಾನೇ. ಹೊಸ ಮಷೀನ್ ಮಾರೋಕೆ ಹೊರಟಿರೋ ಕಂಪನಿ, ದುಡ್ಡು ಕೊಟ್ಟು, ಟಿವಿಲಿ, ನಮ್ಮ ಹೆಸರು ಕೆಟ್ಟಿದೆ ಅಂತ ಮೊದಲು ಒಪ್ಕೊಂಡು ಆಮೇಲೆ ವ್ಯಾಪಾರ ಶುರು ಮಾಡ್ತು. ಟಿವಿಗೆ ಸಿಗಿಸಿ ಗೇಮ್ ಆಡೋ ಆ ಹೊಸ ಮಷೀನೇ ಡ್ರೀಮ್‌ಕಾಸ್ಟ್.

ಈ ಕೇಸ್ ಬಗ್ಗೆ ಯಾರನ್ನ ಕೇಳಿದ್ರೂ ಉತ್ತರ ಒಂದೇ ಸಾಲಲ್ಲಿ ಮುಗಿಯತ್ತೆ, ಸೋನಿಯ ಪಿಎಸ್2 (ಪ್ಲೇಸ್ಟೇಷನ್ 2) ಬಂತು, ಡ್ರೀಮ್‌ಕಾಸ್ಟ್ ಹೋಯ್ತು. ತಾರೀಕು ನೋಡಿದ್ರೆ ಹಾಗೇ ಕಾಣತ್ತೆ ನಿಜ. 2000ರ ಅಕ್ಟೋಬರ್ 26ಕ್ಕೆ ಅಮೆರಿಕಾದಲ್ಲಿ ಪಿಎಸ್2 ಬಂತು, 2001ರ ಜನವರಿ 31ಕ್ಕೆ ಸೆಗಾ ಡ್ರೀಮ್‌ಕಾಸ್ಟ್ ನಿಲ್ಲಿಸ್ತೀವಿ ಅಂತ ಘೋಷಣೆ ಮಾಡ್ತು. ಆದ್ರೆ ನನಗೆ ಈ ಉತ್ತರ ಸಾಕಾಗಲ್ಲ, ಯಾಕಂದ್ರೆ ಡ್ರೀಮ್‌ಕಾಸ್ಟ್ ಮಾಡಿದ ತಪ್ಪು ಹುಡುಕ್ತಾ ಹೋದ್ರೆ ಅಂಥಾ ದೊಡ್ಡದು ಯಾವ್ದೂ ಸಿಗಲ್ಲ, ಬೆಲೆ ಸರಿ ಇತ್ತು, ಗೇಮ್ ಚೆನ್ನಾಗಿದ್ವು, ಒಳಗಿನ ಚಿಪ್ ಚೆನ್ನಾಗಿತ್ತು. ತಪ್ಪೆಲ್ಲ ಇರೋದು ಅದು ಹುಟ್ಟೋಕೆ ನಾಲ್ಕೈದು ವರ್ಷ ಮುಂಚೆ. ಅಪ್ಪ ಮಾಡಿದ ಸಾಲ ಮಗನ ತಲೆ ಮೇಲೆ ಬಂತು ಅಂತೀವಲ್ಲ, ಇದು ಅದೇ ಕಥೆ. ಹಾಗಾಗಿ 1994ರಿಂದ ಶುರು ಮಾಡ್ಬೇಕು.

ಅದಕ್ಕೂ ಮುಂಚೆ ಕನ್ಸೋಲ್, ಅಂದ್ರೆ ಇಂಥ ಗೇಮ್ ಮಷೀನುಗಳ ವ್ಯಾಪಾರ ಹೇಗೆ ನಡೆಯತ್ತೆ ಅನ್ನೋದು ಸ್ವಲ್ಪ ಗೊತ್ತಿರ್ಬೇಕು, ಇಲ್ದೇ ಹೋದ್ರೆ ಮುಂದಿನದು ಅರ್ಥ ಆಗಲ್ಲ. ಪೆಟ್ಟಿಗೆ ಮಾರಿ ಲಾಭ ಬರೋದು ಕಮ್ಮಿ, ಎಷ್ಟೋ ಸಲ ನಷ್ಟಕ್ಕೇ ಮಾರ್ತಾರೆ. ದುಡ್ಡು ಬರೋದು ಗೇಮ್‌ಗಳಿಂದ, ಅದ್ರಲ್ಲೂ ಬೇರೆ ಕಂಪನಿಗಳು ಮಾಡೋ ಪ್ರತಿ ಗೇಮ್ ಮೇಲೂ ಬರೋ ಲೈಸೆನ್ಸ್ ಫೀಸಿಂದ. ಬೇರೆ ಕಂಪನಿಯವ್ರು ಗೇಮ್ ಮಾಡ್ಬೇಕು ಅಂದ್ರೆ ಮಷೀನ್ ತುಂಬಾ ಮನೆಗಳಲ್ಲಿ ಇರ್ಬೇಕು, ಮನೆಗಳಿಗೆ ಹೋಗ್ಬೇಕು ಅಂದ್ರೆ ಗೇಮ್ ಇರ್ಬೇಕು. ಈ ಚಕ್ರ ಮೊದಲನೇ ದಿನ ತಾನಾಗೇ ತಿರುಗಲ್ಲ, ಯಾರಾದ್ರೂ ನಂಬಿ ಕೈ ಹಾಕ್ಬೇಕು. ಅಂಗಡಿಯವ್ನು ನಂಬಿ ಶೆಲ್ಫ್‌ನಲ್ಲಿ ಜಾಗ ಕೊಡ್ಬೇಕು, ಗೇಮ್ ಮಾಡೋರು ನಂಬಿ ಒಂದೆರಡು ವರ್ಷದ ಕೆಲಸ ಹಾಕ್ಬೇಕು, ಮನೆಯವ್ರು ನಂಬಿ ಸಾವಿರಾರು ರೂಪಾಯಿ ಸುರೀಬೇಕು. ಮೂರೂ ಜನ ಕೊಡೋದು ಒಂಥರಾ ಉದ್ರಿ. ಉದ್ರಿ ಸಿಗೋದು ಹಳೇ ಲೆಕ್ಕ ನೋಡಿ.

ಸೆಗಾಗೆ ಒಂದು ಕಾಲದಲ್ಲಿ ಈ ಉದ್ರಿ ಧಾರಾಳವಾಗಿ ಸಿಗ್ತಿತ್ತು. 1988ರಲ್ಲಿ ಜಪಾನಲ್ಲಿ ಬಂದ ಮೆಗಾ ಡ್ರೈವ್, ಮುಂದಿನ ವರ್ಷ ಅಮೆರಿಕಾಗೆ ಜೆನೆಸಿಸ್ ಅನ್ನೋ ಹೆಸರಲ್ಲಿ ಹೋಯ್ತು. ಆಟದ ಸಾಮಾನಿನ ಕಂಪನಿ ಮ್ಯಾಟೆಲ್‌ನಲ್ಲಿ ಕೆಲಸ ಮಾಡಿ ಬಂದ ಟಾಮ್ ಕಲಿನ್ಸ್ಕಿ 1990ರಲ್ಲಿ ಸೆಗಾ ಅಮೆರಿಕಾದ ಚುಕ್ಕಾಣಿ ಹಿಡಿದ್ರು, ಬೆಲೆ ಇಳಿಸಿದ್ರು, 1991ರಲ್ಲಿ ಬಂದ ಸೋನಿಕ್ ಗೇಮನ್ನ ಮಷೀನ್ ಜೊತೆಗೇ ಕೊಟ್ರು, ನಿಂಟೆಂಡೋ ಹೆಸರು ಎತ್ತಿ ನೇರವಾಗಿ ಜಾಹೀರಾತಲ್ಲಿ ಕುಟುಕಿದ್ರು. ನಿಂಟೆಂಡೋ ಬಿಟ್ರೆ ಇನ್ನೊಂದಿಲ್ಲ ಅಂತಿದ್ದ ಮಾರ್ಕೆಟ್‌ನಲ್ಲಿ ಅರ್ಧ ಕಿತ್ಕೊಂಡ್ರು. ಜಗತ್ತಿನಾದ್ಯಂತ ಆ ಮಷೀನ್ 3 ಕೋಟಿ ದಾಟ್ತು. ನಮ್ ಕಡೆ ಆಗ ವಿಡಿಯೋ ಗೇಮ್ ಅಂದ್ರೆ ಟಿವಿಗೆ ಸಿಗಿಸೋ ನಕಲಿ ಸೆಟ್ಟು, ಮಾರಿಯೋ, ಕಾಂಟ್ರಾ ಇರೋ ಕ್ಯಾಸೆಟ್ಟು ಅಷ್ಟೇ, ಅವೆಲ್ಲ ನಿಂಟೆಂಡೋದ ಹಳೇ ಮಷೀನಿನ ನಕಲು. ಹಾಗಾಗಿ ಸೆಗಾ ಎಷ್ಟು ದೊಡ್ಡ ಹೆಸರಾಗಿತ್ತು ಅನ್ನೋ ಅಂದಾಜು ನಮ್ಮಲ್ಲಿ ತುಂಬಾ ಜನಕ್ಕೆ ಇಲ್ಲ.

ಆಮೇಲೆ ಶುರುವಾಯ್ತು ನೋಡಿ. ಮೊದಲು ಮೆಗಾ ಸಿಡಿ, ಅಮೆರಿಕಾದಲ್ಲಿ ಸೆಗಾ ಸಿಡಿ. ಮಷೀನಿಗೆ ಕೆಳಗಿಂದ ಸಿಗಿಸೋ ಸಿಡಿ ಡ್ರೈವು, 1992ರಲ್ಲಿ ಅಮೆರಿಕಾದಲ್ಲಿ 299 ಡಾಲರ್, ಅಂದ್ರೆ ಮಷೀನಿಗಿಂತ ಅದರ ಬಾಲವೇ ದುಬಾರಿ. ಒಟ್ಟು ಸುಮಾರು 22 ಲಕ್ಷ ಹೋಯ್ತು, ಅಷ್ಟಕ್ಕೇ ನಿಂತ್ತು. 1994ರ ನವೆಂಬರ್‌ನಲ್ಲಿ ಇನ್ನೊಂದು ಬಾಲ, 32ಎಕ್ಸ್. ಇದು ಮೇಲ್ಗಡೆಯಿಂದ ಚುಚ್ಚೋದು, 159 ಡಾಲರ್. ಹಳೇ ಜೆನೆಸಿಸ್ ಇಟ್ಕೊಂಡೋರು ಪೂರ್ತಿ ಹೊಸ ಮಷೀನ್ ತಗೊಳ್ದೇನೇ ಹೊಸ ಕಾಲದ ಗೇಮ್ ಆಡ್ಬೋದು ಅನ್ನೋ ಲೆಕ್ಕ. ಕೇಳೋಕೆ ಚೆನ್ನಾಗಿದೆ. ಆದ್ರೆ ಅದೇ ನವೆಂಬರ್‌ನಲ್ಲಿ, 22ನೇ ತಾರೀಕು, ಇದೇ ಸೆಗಾ ಜಪಾನಲ್ಲಿ ಸ್ಯಾಟರ್ನ್ ಅನ್ನೋ ಪೂರ್ತಿ ಹೊಸ ಮಷೀನ್ ಬಿಡ್ತು! ಒಂದೇ ಕಂಪನಿ, ಒಂದೇ ತಿಂಗಳು, ಎರಡು ದಾರಿ, ಒಂದರ ಗೇಮ್ ಇನ್ನೊಂದರಲ್ಲಿ ಓಡಲ್ಲ. ಗೇಮ್ ಮಾಡೋರು ಯಾವ್ದಕ್ಕೆ ಮಾಡ್ಬೇಕು? ಸಹಜವಾಗಿ ಎಲ್ರೂ ಸ್ಯಾಟರ್ನ್ ಕಡೆ ತಿರುಗಿದ್ರು. 32ಎಕ್ಸ್‌ಗೆ ಬಂದಿದ್ದು ಒಟ್ಟು 40 ಗೇಮ್, 1996ರ ಹೊತ್ತಿಗೆ ಕಥೆ ಮುಗೀತು. ಕ್ರಿಸ್‌ಮಸ್‌ಗೆ ಮಗುಗೆ ಅಂತ 159 ಡಾಲರ್ ಕೊಟ್ಟು ತಂದ ಅಪ್ಪ ಅಮ್ಮನ ಮನೇಲಿ ಅದು ಧೂಳು ಹಿಡೀತಾ ಕೂತಿತ್ತು. ಉದ್ರಿ ಖಾತೆಯಲ್ಲಿ ಮೊದಲನೇ ಬಾಕಿ ಇದು ಅಂತ ನನ್ನ ಲೆಕ್ಕ, ಮನೆಯವ್ರ ಬಾಕಿ.

ಎರಡನೇದು ಅಂಗಡಿಯವ್ರದ್ದು, ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ಬೇಕು, ಯಾಕಂದ್ರೆ ಒಂದು ಕಂಪನಿ ಒಂದೇ ಬೆಳಿಗ್ಗೆ ಎಷ್ಟು ಜನರನ್ನ ಕಳ್ಕೋಬೋದು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಸ್ಯಾಟರ್ನ್ ಅಮೆರಿಕಾಗೆ 1995ರ ಸೆಪ್ಟೆಂಬರ್ 2, ಶನಿವಾರ ಬರತ್ತೆ ಅಂತ ಸೆಗಾ ಹೇಳಿತ್ತು, ಶನಿ ಗ್ರಹ, ಶನಿವಾರ ಎರಡೂ ಸೇರ್ಲಿ ಅಂತ ಸ್ಯಾಟರ್ನ್‌ಡೇ ಅಂತ ಹೆಸರೂ ಇಟ್ಟಿದ್ರು. ಸೋನಿ ಪ್ಲೇಸ್ಟೇಷನ್ ಬರೋದು ಸೆಪ್ಟೆಂಬರ್ 9ಕ್ಕೆ. ಒಂದೇ ವಾರ ಅಂತರ, ಜಪಾನ್ ಆಫೀಸಿಗೆ ಇದು ಸಾಲದು ಅನ್ನಿಸ್ತು, ಮುಂಚೆನೇ ಬಿಡಿ ಅಂತ ಒತ್ತಾಯ ಬಂತು. ಮೇ 11ಕ್ಕೆ ಲಾಸ್ ಏಂಜಲಿಸ್‌ನಲ್ಲಿ ಇ3 ಅನ್ನೋ ವಿಡಿಯೋ ಗೇಮ್ ಮೇಳ, ಮೊಟ್ಟಮೊದಲನೇದು. ಕಲಿನ್ಸ್ಕಿ ವೇದಿಕೆ ಹತ್ತಿ, ಸ್ಯಾಟರ್ನ್ ಬೆಲೆ 399 ಡಾಲರ್, ಸೆಪ್ಟೆಂಬರ್ ತನಕ ಕಾಯ್ಬೇಡಿ, ಈಗಾಗ್ಲೇ ಆಯ್ದ ಅಂಗಡಿಗಳಿಗೆ 30,000 ಮಷೀನ್ ಕಳಿಸಿದೀವಿ, ಇವತ್ತೇ ಸಿಗತ್ತೆ ಅಂದ್ರು. ಸಿಕ್ಕಿದ್ದು ಟಾಯ್ಸ್ ಆರ್ ಅಸ್ ಥರದ ನಾಲ್ಕು ಚೈನ್‌ಗಳಿಗೆ ಮಾತ್ರ. ವಾಲ್‌ಮಾರ್ಟ್‌ಗೆ ಇಲ್ಲ, ಬೆಸ್ಟ್ ಬೈಗೆ ಇಲ್ಲ. ಕೆಬಿ ಟಾಯ್ಸ್‌ನವ್ರಿಗೆ ಎಷ್ಟು ಸಿಟ್ಟು ಬಂತು ಅಂದ್ರೆ ಸೆಗಾ ಸಾಮಾನು ಇಡೋದೇ ನಿಲ್ಸಿಬಿಟ್ರು. ಮಾತು ಆಡಿದರೆ ಹೋಯ್ತು ಅಂತೀವಲ್ಲ, ಇಲ್ಲಿ ಕೊಟ್ಟ ಮಾತು ಮುರಿದು ಹೋಯ್ತು.

ಸೆಪ್ಟೆಂಬರ್‌ಗೆ ಗೇಮ್ ರೆಡಿ ಮಾಡ್ತಿದ್ದ ಬೇರೆ ಕಂಪನಿಗಳಿಗೂ ಯಾರೂ ಹೇಳಿರ್ಲಿಲ್ಲ. ಹಾಗಾಗಿ ಮೊದಲ ದಿನ ಇದ್ದಿದ್ದೇ ಆರು ಗೇಮು, ಆಮೇಲೆ ಬೇಸಿಗೆ ಪೂರ್ತಿ ಹೊಸ ಗೇಮ್ ಬೆರಳೆಣಿಕೆ. ಇ3ಯಲ್ಲಿ ಅದೇ ದಿನ ಸೋನಿ ಸರದಿ ಬಂತು. ಸ್ಟೀವ್ ರೇಸ್ ಅಂತ ಸೋನಿಯವ್ರು ಮೈಕ್ ಮುಂದೆ ನಿಂತು 299 ಅಂತ ಒಂದು ನಂಬರ್ ಹೇಳಿ ಇಳಿದು ಹೋದ್ರು, ಅಷ್ಟೇ ಭಾಷಣ. ನೂರು ಡಾಲರ್ ವ್ಯತ್ಯಾಸ. ಸೆಪ್ಟೆಂಬರ್ ಬಂದಾಗ, ಮೇ ತಿಂಗಳಿಂದ ಸ್ಯಾಟರ್ನ್ ಎಷ್ಟು ಹೋಗಿತ್ತೋ ಅದಕ್ಕಿಂತ ಹೆಚ್ಚು ಪ್ಲೇಸ್ಟೇಷನ್ ಎರಡೇ ದಿನದಲ್ಲಿ ಖಾಲಿ ಆಯ್ತು.

ಮೂರನೇ ಬಾಕಿ ಗೇಮ್ ಮಾಡೋರದ್ದು. ಸ್ಯಾಟರ್ನ್ ಒಳಗೆ ಹಿಟಾಚಿಯ ಎಸ್‌ಎಚ್-2 ಪ್ರೊಸೆಸರ್ ಎರಡು, ಚಿತ್ರ ಬಿಡಿಸೋ ಚಿಪ್ ಎರಡು, ಸೌಂಡಿಗೆ ಬೇರೆ, ಹೀಗೆ ಒಟ್ಟು ಎಂಟು ಚಿಪ್ಪು. ಎರಡು ಪ್ರೊಸೆಸರ್ ಇದ್ರೆ ಡಬಲ್ ಸ್ಪೀಡ್ ಬರತ್ತೆ ಅಂತ ಅಲ್ಲ, ಒಂದೇ ದಾರೀಲಿ ಮೆಮೊರಿಗೆ ಹೋಗ್ಬೇಕಾಗಿರೋದ್ರಿಂದ ಒಂದು ನುಗ್ಗಿದಾಗ ಇನ್ನೊಂದು ಕಾಯ್ತಾ ನಿಲ್ಲತ್ತೆ, ಎರಡಕ್ಕೂ ಕೆಲಸ ಹಂಚೋ ತಲೆನೋವು ಪ್ರೋಗ್ರಾಮರ್‌ದು, ಅದೂ 1995ರಲ್ಲಿ, ಒಂದು ಮನೆ ಮಷೀನಲ್ಲಿ ಎರಡು ಪ್ರೊಸೆಸರ್ ಇಟ್ಕೊಂಡು ಕೆಲಸ ಮಾಡಿದ ಅನುಭವ ಯಾರಿಗೂ ಅಷ್ಟಾಗಿ ಇಲ್ದೇ ಇದ್ದಾಗ. ಇನ್ನೊಂದು ವಿಚಾರ, ಉಳಿದೋರು ಹೆಚ್ಚಾಗಿ 3ಡಿ ಆಕಾರಗಳನ್ನ ತ್ರಿಕೋನಗಳಿಂದ ಕಟ್ತಿದ್ರೆ ಸ್ಯಾಟರ್ನ್ ಚತುರ್ಭುಜಗಳಿಂದ ಕಟ್ತಿತ್ತು. ಅಂದ್ರೆ ಪ್ಲೇಸ್ಟೇಷನ್‌ಗೆ ಮಾಡಿದ ಗೇಮನ್ನ ಇಲ್ಲಿಗೆ ತರೋದು ಬರೀ ಕಾಪಿ ಅಲ್ಲ, ಮತ್ತೆ ಮೈ ಮುರಿದು ಮಾಡ್ಬೇಕು.

ಸೋನಿ ಇದೇ ಜಾಗದಲ್ಲಿ ಗೆದ್ದಿದ್ದು ಅಂತ ನನಗನ್ಸತ್ತೆ. ಸೋನಿ ಎಂಜಿನಿಯರ್ ಕೆನ್ ಕುತರಾಗಿ ಮಾಡ್ಸಿದ ಪ್ಲೇಸ್ಟೇಷನ್ ಒಳಗೆ ಒಂದು ಮುಖ್ಯ ಪ್ರೊಸೆಸರು, 3ಡಿಗೇ ಅಂತ ಅದ್ರ ಪಕ್ಕದಲ್ಲಿ ಸಹಾಯದ ಯೂನಿಟ್ಟು, ಸಿ ಭಾಷೇಲಿ ಬರಿಯೋಕೆ ರೆಡಿ ಲೈಬ್ರರಿ. ಬ್ರಿಟನ್ನಿನ ಸಿಗ್ನೋಸಿಸ್ ಕಂಪನೀನ 1993ರಲ್ಲೇ ಕೊಂಡ್ಕೊಂಡು ಒಳಗೇ ಗೇಮ್ ಮಾಡೋರನ್ನ ಇಟ್ಕೊಂಡಿದ್ರು, ಜಪಾನಲ್ಲಿ ನಾಮ್ಕೋ ಅನ್ನೋ ಗೇಮ್ ಕಂಪನೀನ ಜೊತೆಗೆ ಸೇರಿಸ್ಕೊಂಡಿದ್ರು. ನಿಂಟೆಂಡೋದ ಆಪ್ತ ಸ್ನೇಹಿತನಾಗಿದ್ದ ಗೇಮ್ ಕಂಪನಿ ಸ್ಕ್ವೇರ್ ಕೂಡ ಕಾರ್ಟ್ರಿಜ್ ಬಿಟ್ಟು ಸಿಡಿಗೆ ಅಂತ ಸೋನಿ ಕಡೆ ಬಂತು, 1997ರಲ್ಲಿ ಅವ್ರ ಫೈನಲ್ ಫ್ಯಾಂಟಸಿ 7 ಗೇಮ್ ಬಂದ್ಮೇಲೆ ಜಪಾನಲ್ಲೂ ಸ್ಯಾಟರ್ನ್ ಕಥೆ ಕಷ್ಟ ಆಯ್ತು.

ಇಷ್ಟರ ಮಧ್ಯೆ ಮನೆಯೊಳಗೇ ಜಗಳ. ಜಪಾನಲ್ಲಿ ಮೆಗಾ ಡ್ರೈವ್ ಅಷ್ಟಾಗಿ ಓಡಿರ್ಲಿಲ್ಲ, ಮೂರನೇ ಸ್ಥಾನ. ಸ್ಯಾಟರ್ನ್ ಅಲ್ಲಿ ವರ್ಚುವಾ ಫೈಟರ್ ಗೇಮ್ ಜೊತೆ ಬಂದು ಚೆನ್ನಾಗಿ ಮಾರಾಟ ಆಗ್ತಿತ್ತು. ಅಮೆರಿಕಾದಲ್ಲಿ ಪೂರ್ತಿ ತಿರುಗಾಮುರುಗಾ, ಜೆನೆಸಿಸ್ ಇನ್ನೂ ಹೋಗ್ತಾ ಇತ್ತು. ಹಯಾವೋ ನಕಯಾಮಾ, ಸೆಗಾದ ಅಧ್ಯಕ್ಷರು, ಜಪಾನ್ ಲೆಕ್ಕವನ್ನೇ ಎಲ್ಲಾ ಕಡೆಗೂ ಹಿಡಿದು, ಹಳೇದನ್ನ ಬಿಟ್ಟು ಸ್ಯಾಟರ್ನ್ ಮೇಲೇ ಗಮನ ಇಡಿ ಅಂದ್ರು. ಕೈಲಿದ್ದ ಬೆಳೆ ಕೊಯ್ಯೋದು ಬಿಟ್ಟು ಇನ್ನೂ ಮೊಳಕೆ ಒಡೀದ ಹೊಲಕ್ಕೆ ನೀರು ಹಾಯಿಸ್ದಂಗೆ. ಕಲಿನ್ಸ್ಕಿ ಮುಂದೆ ಸಂದರ್ಶನಗಳಲ್ಲಿ ಹೇಳಿದಾರೆ, ಸೋನಿ ಜೊತೆ ಸೇರಿ ಒಂದೇ ಮಷೀನ್ ಮಾಡೋ ಮಾತು ತಗೊಂಡು ಹೋದ್ರೆ ಜಪಾನಲ್ಲಿ ಒಪ್ಲಿಲ್ಲ, ಸಿಲಿಕಾನ್ ಗ್ರಾಫಿಕ್ಸ್ ಕಂಪನಿ ಚಿಪ್ ತೋರ್ಸಿದ್ರೆ ಅದೂ ಬೇಡ ಅಂದ್ರು ಅಂತ. ಆ ಸಿಲಿಕಾನ್ ಗ್ರಾಫಿಕ್ಸ್ ನಿಂಟೆಂಡೋ ಹತ್ರ ಹೋಯ್ತು, ನಿಂಟೆಂಡೋ 64 ಅನ್ನೋ ಮಷೀನ್ ಹುಟ್ತು. 1996ರಲ್ಲಿ ಕಲಿನ್ಸ್ಕಿ ಬಿಟ್ಟು ಹೊರಟ್ರು.

ಸೋನಿಕ್ ಹೆಸರಲ್ಲೇ ಬದುಕಿದ ಕಂಪನಿ ಸ್ಯಾಟರ್ನ್‌ಗೆ ಅಂತಲೇ ಒಂದು ಮುಖ್ಯ ಸೋನಿಕ್ ಗೇಮ್ ಕೊಡ್ಲಿಲ್ಲ, ಮಾಡ್ತಿದ್ದ ಸೋನಿಕ್ ಎಕ್ಸ್‌ಟ್ರೀಮ್ ಅರ್ಧಕ್ಕೇ ನಿಂತೋಯ್ತು. 1997ರ ಇ3ಯಲ್ಲಿ, ಸೋನಿಯಿಂದ ಸೆಗಾಗೆ ಬಂದಿದ್ದ ಬರ್ನಿ ಸ್ಟೋಲಾರ್, ಸ್ಯಾಟರ್ನ್ ನಮ್ಮ ಭವಿಷ್ಯ ಅಲ್ಲ ಅಂತ ಬಾಯಿಬಿಟ್ಟೇ ಹೇಳಿದ್ರು. ನಿಜ ಹೇಳಿದ್ರು, ಆದ್ರೆ ಅಂಗಡಿ ಶೆಲ್ಫ್ ಮೇಲೆ ಅದಿನ್ನೂ ಕೂತಿರೋವಾಗ, ಗೇಮ್ ಇನ್ನೂ ತಯಾರಾಗ್ತಿರೋವಾಗ ಹೇಳಿದ್ರು. ಕೊನೆಗೆ ಸ್ಯಾಟರ್ನ್ 92.6 ಲಕ್ಷ, ನಿಂಟೆಂಡೋ 64 ಸುಮಾರು 3.3 ಕೋಟಿ, ಪ್ಲೇಸ್ಟೇಷನ್ 10.2 ಕೋಟಿ. 1998ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಸೆಗಾಗೆ 3,560 ಕೋಟಿ ಯೆನ್ ನಷ್ಟ. ಡ್ರೀಮ್‌ಕಾಸ್ಟ್ ಕಣ್ಣು ಬಿಡೋಕೆ ಮುಂಚೆ ಮನೆ ಪರಿಸ್ಥಿತಿ ಇದು.

ಈಗ ಡ್ರೀಮ್‌ಕಾಸ್ಟ್ ನೋಡಿ, ಹಳೇ ತಪ್ಪು ಒಂದೊಂದನ್ನೂ ತಿದ್ದಿಕೊಂಡು ಮಾಡಿದ ಮಷೀನು. ಎರಡು ಪ್ರೊಸೆಸರ್ ರಗಳೆ ಇಲ್ಲ, ಹಿಟಾಚಿಯ ಎಸ್‌ಎಚ್-4 ಒಂದೇ, 200 ಮೆಗಾಹರ್ಟ್ಸ್. ಚತುರ್ಭುಜ ಇಲ್ಲ, ಪವರ್‌ವಿಆರ್2 ಅನ್ನೋ ಚಿಪ್ಪು, ತ್ರಿಕೋನಗಳ ಲೆಕ್ಕ, ಅದ್ರಲ್ಲೂ ಪರದೆಯನ್ನ ಚಿಕ್ಕ ಚಿಕ್ಕ ಚೌಕಗಳಾಗಿ ಮಾಡ್ಕೊಂಡು ಕಣ್ಣಿಗೆ ಕಾಣೋದನ್ನ ಮಾತ್ರ ಬಿಡಿಸೋ ಜಾಣತನ, ಹಿಂದೆ ಮರೆಯಾಗಿರೋದಕ್ಕೆ ಬಣ್ಣ ಹಚ್ಚೋ ಕೆಲಸ ಉಳೀತಿತ್ತು. ಆ ಕಾಲದ ಡೆವಲಪರ್‌ಗಳಿಗೆ ಕೆಲಸ ಮಾಡೋಕೆ ಸಲೀಸು. ಮೋಡೆಮ್ ಒಳಗೇ ಕೊಟ್ಟು ಇಂಟರ್ನೆಟ್‌ನಲ್ಲಿ ಆಡೋ ದಾರಿ ತೆಗೆದ್ರು, 1998ರಲ್ಲಿ! ಕಂಟ್ರೋಲರ್‌ಗೆ ಚಿಕ್ಕ ಪರದೆ ಇರೋ ಮೆಮೊರಿ ಕಾರ್ಡು. ಗೇಮ್‌ಗಳು ಇವತ್ತಿಗೂ ಜನ ನೆನೆಸ್ಕೊಳ್ಳೋವು, ಸೋಲ್‌ಕ್ಯಾಲಿಬರ್, ಜೆಟ್ ಸೆಟ್ ರೇಡಿಯೋ, ಕ್ರೇಜಿ ಟ್ಯಾಕ್ಸಿ. ಯು ಸುಜುಕಿಯವ್ರ ಶೆನ್‌ಮು ಒಂದಕ್ಕೇ ಸುಮಾರು 4.7 ಕೋಟಿ ಡಾಲರ್ ಸುರಿದ್ರು. 2000ದ ಡಿಸೆಂಬರ್‌ನಲ್ಲಿ ಬಂದ ಫ್ಯಾಂಟಸಿ ಸ್ಟಾರ್ ಆನ್‌ಲೈನ್‌ನಲ್ಲಿ ಜಪಾನಿನವ್ನು ಅಮೆರಿಕಾದವ್ನು ಒಂದೇ ತಂಡದಲ್ಲಿ ಆಡ್ತಿದ್ರು, ಟಿವಿ ಮುಂದೆ ಕೂತು. ಇದನ್ನ ಬರೀತಾ ನನಗೆ ನಿಜಕ್ಕೂ ಹೊಟ್ಟೆ ಉರಿಯತ್ತೆ, ಇಷ್ಟು ಕಾಳಜಿಯಿಂದ ಮಾಡಿದ ಸಾಮಾನು.

ಆದ್ರೂ ಇದನ್ನ ಮಾಡೋವಾಗಲೂ ಒಂದು ಬಾಕಿ ಹೊಸದಾಗಿ ಸೇರ್ಕೊಂಡ್ತು. ಚಿಪ್ ಆರಿಸೋಕೆ ಎರಡು ತಂಡ ಓಡಿಸಿದ್ರು, ಅಮೆರಿಕಾದಲ್ಲಿ 3ಡಿಎಫ್‌ಎಕ್ಸ್ ಕಂಪನಿಯ ಚಿಪ್ ಇಟ್ಕೊಂಡ ಒಂದು ತಂಡ, ಜಪಾನಲ್ಲಿ ಹಿದೇಕಿ ಸಾತೋ ತಂಡ. ಕೊನೆಗೆ 3ಡಿಎಫ್‌ಎಕ್ಸ್ ಕೈಬಿಟ್ರು, ಅವ್ರು ಕೋರ್ಟಿಗೆ ಹೋದ್ರು, ರಾಜಿ ಆಯ್ತು. ಅಮೆರಿಕಾದ ದೊಡ್ಡ ಗೇಮ್ ಕಂಪನಿಗಳಿಗೆ ಇದು ಹಿಡಿಸ್ಲಿಲ್ಲ. ಇವ್ರು ಮತ್ತೆ ದಾರಿ ಬದಲಾಯಿಸಿದ್ರಲ್ಲ ಅನ್ನೋ ಭಾವನೆ.

1998ರ ನವೆಂಬರ್ 27ಕ್ಕೆ ಜಪಾನಲ್ಲಿ ಬಿಡುಗಡೆ, ಸುಮಾರು 30,000 ಯೆನ್. ಮೊದಲ ದಿನದ ಸ್ಟಾಕ್ ಎಲ್ಲಾ ಖಾಲಿ, ಆದ್ರೆ ಸ್ಟಾಕೇ ಕಮ್ಮಿ ಇತ್ತು. ಎನ್‌ಇಸಿ ಫ್ಯಾಕ್ಟರೀಲಿ ಗ್ರಾಫಿಕ್ಸ್ ಚಿಪ್ ತಯಾರಾಗೋವಾಗ ಕೆಟ್ಟು ಹೋಗೋದೇ ಜಾಸ್ತಿ ಆಗಿ ಮಷೀನ್ ಸಾಕಷ್ಟು ಬರ್ಲಿಲ್ಲ. ಸೋನಿಕ್ ಅಡ್ವೆಂಚರ್ ಕೂಡ ಒಂದು ತಿಂಗಳು ತಡ. ಫೆಬ್ರವರಿ ಒಳಗೆ 10 ಲಕ್ಷ ಮಾರ್ಬೇಕು ಅಂತಿದ್ದೋರು 9 ಲಕ್ಷಾನೂ ಮುಟ್ಲಿಲ್ಲ. ಇಲ್ಲಿ ಸೋನಿ ಜೊತೆ ಹೋಲಿಸಿ ನೋಡ್ಬೇಕು, ಸೋನಿ ಚಿಪ್ ಫ್ಯಾಕ್ಟರಿ ತನ್ನದೇ ಇಟ್ಕೊಂಡಿರೋ ಎಲೆಕ್ಟ್ರಾನಿಕ್ಸ್ ಕಂಪನಿ, ವರ್ಷ ಕಳೆದಂಗೆ ತಯಾರಿಕೆ ಖರ್ಚು ತಾನೇ ಇಳಿಸ್ಕೋಬೋದು. ಸೆಗಾಗೆ ಪ್ರತಿ ಭಾಗಕ್ಕೂ ಇನ್ನೊಬ್ರ ಬಾಗಿಲು.

ಅಮೆರಿಕಾದಲ್ಲಿ ಅದ್ಭುತವಾಗಿ ಶುರುವಾಯ್ತು. 9-9-99, 199 ಡಾಲರ್, 18 ಗೇಮ್ ಮೊದಲ ದಿನವೇ. ಸ್ಯಾಟರ್ನ್‌ನ ಆ ಆರು ಗೇಮ್ ನೆನಪಿಸ್ಕೊಳ್ಳಿ. 24 ಗಂಟೇಲಿ 2,25,132 ಮಷೀನು, ಗೇಮ್ ಎಲ್ಲಾ ಸೇರಿ 9.84 ಕೋಟಿ ಡಾಲರ್ ವ್ಯಾಪಾರ. ಇದಕ್ಕೆ ನೆಲ ಹದ ಮಾಡಿದ್ದು ಬರ್ನಿ ಸ್ಟೋಲಾರ್, ಬಿಡುಗಡೆಗೆ ಮುಂಚೆ ಆಗಸ್ಟ್‌ನಲ್ಲೇ ಅವ್ರನ್ನ ತೆಗೆದುಹಾಕಿದ್ರು, ಮುಂದೆ ನಡೆಸಿದ್ದು ಪೀಟರ್ ಮೂರ್. ಸುತ್ತಮುತ್ತ ಜನ ಎಲ್ಲ ಸೆಗಾ ವಾಪಸ್ ಬಂತು ಅಂತ ನಂಬಿದ್ರು, ಅವತ್ತಿನ ಅಂಕಿ ನೋಡಿದ್ರೆ ನಾನೂ ನಂಬ್ತಿದ್ದೆ.

ಆದ್ರೆ ಆ 18 ಗೇಮ್ ಪಟ್ಟೀಲಿ ಇಎ ಇರ್ಲಿಲ್ಲ. ಎಲೆಕ್ಟ್ರಾನಿಕ್ ಆರ್ಟ್ಸ್, ಅಮೆರಿಕಾದ ಕ್ರೀಡಾ ಗೇಮ್‌ಗಳ ರಾಜ, ಮ್ಯಾಡನ್ ಫುಟ್‌ಬಾಲ್, ಫಿಫಾ ಎಲ್ಲಾ ಆಗ ಅವ್ರದ್ದೇ. ಜೆನೆಸಿಸ್ ಗೆದ್ದಿದ್ರಲ್ಲಿ ಇವ್ರ ಪಾಲು ದೊಡ್ಡದು. ಯಾಕೆ ಬರ್ಲಿಲ್ಲ ಅನ್ನೋದಕ್ಕೆ ಎರಡು ಕಡೆ ಎರಡು ಮಾತು. ಸ್ಟೋಲಾರ್ ಹೇಳೋದು, ಕ್ರೀಡಾ ಗೇಮ್ ನಮ್ಮೊಬ್ರದ್ದೇ ಇರ್ಬೇಕು ಅಂತ ಇಎ ಕೇಳ್ತು, ಸೆಗಾ ಆಗ ತಾನೇ 1 ಕೋಟಿ ಡಾಲರ್ ಕೊಟ್ಟು ವಿಶುವಲ್ ಕಾನ್ಸೆಪ್ಟ್ಸ್ ಅನ್ನೋ ಕ್ರೀಡಾ ಗೇಮ್ ಸ್ಟುಡಿಯೋ ಕೊಂಡಿತ್ತು, ಒಪ್ಪೋಕಾಗ್ಲಿಲ್ಲ. ಇಎ ಕಡೆಯವ್ರು ಹೇಳೋದು, ಮಷೀನ್ ಬಗ್ಗೆ ಸೆಗಾ ಪದೇ ಪದೇ ತೀರ್ಮಾನ ಬದಲಾಯಿಸ್ತಿತ್ತು, ಹಳೇ ಥರದ ಲೈಸೆನ್ಸ್ ಕೊಡೋ ಸ್ಥಿತೀಲೂ ಇರ್ಲಿಲ್ಲ. ಎರಡೂ ನಿಜ ಇರ್ಬೋದು. ಆ ಸ್ಟುಡಿಯೋ ಮಾಡಿದ ಎನ್‌ಎಫ್‌ಎಲ್ 2ಕೆ, ಎನ್‌ಬಿಎ 2ಕೆ ಗಟ್ಟಿ ಗೇಮ್‌ಗಳೇ, ಆ 2ಕೆ ಹೆಸರು ಇವತ್ತಿಗೂ ಬಾಸ್ಕೆಟ್‌ಬಾಲ್‌ನಲ್ಲಿ ನಡೀತಿದೆ. ಆದ್ರೆ ಪ್ರತಿ ವರ್ಷ ಮ್ಯಾಡನ್ ತಗೊಳ್ಳೋ ಮನುಷ್ಯನಿಗೆ ಡ್ರೀಮ್‌ಕಾಸ್ಟ್ ಅನ್ನೋದು ಮ್ಯಾಡನ್ ಇಲ್ಲದ ಮಷೀನು, ಮುಗೀತು. ಪಿಎಸ್2 ಬಂದ ದಿನ ಮ್ಯಾಡನ್ ಅದರ ಪಕ್ಕದಲ್ಲೇ ಇತ್ತು.

ಇನ್ನು ಪಿಎಸ್2. ಇದು ಡ್ರೀಮ್‌ಕಾಸ್ಟನ್ನ ಹೊಡೆದಿದ್ದು ಬಂದ ಮೇಲಲ್ಲ, ಬರೋಕೆ ಮುಂಚೆ. 1999ರ ಮಾರ್ಚ್ 2ಕ್ಕೆ, ಅಂದ್ರೆ ಡ್ರೀಮ್‌ಕಾಸ್ಟ್ ಜಪಾನಲ್ಲಿ ಬಂದು ಮೂರೇ ತಿಂಗಳಿಗೆ, ಅಮೆರಿಕಾದಲ್ಲಿ ಇನ್ನೂ ಬಂದೇ ಇಲ್ಲ, ಸೋನಿ ತನ್ನ ಹೊಸ ಮಷೀನಿನ ಸುದ್ದಿ ಬಿಡ್ತು. ಎಮೋಷನ್ ಎಂಜಿನ್ ಅನ್ನೋ ಪ್ರೊಸೆಸರು, ಹಳೇ ಪ್ಲೇಸ್ಟೇಷನ್ ಗೇಮ್ ಇದ್ರಲ್ಲೂ ಓಡತ್ತೆ, ಮುಂದೆ ನೋಡಿದ್ರೆ ಡಿವಿಡಿ ಸಿನಿಮಾನೂ ಓಡತ್ತೆ. ಪ್ಲೇಸ್ಟೇಷನ್ ಇದ್ದ ಕೋಟಿಗಟ್ಟಲೆ ಮನೆಗಳಿಗೆ ಇದು ಹೇಳಿದ್ದೇನು? ನಿಮ್ಮ ಗೇಮ್ ರಾಶಿ ಹಾಳಾಗಲ್ಲ, ಸ್ವಲ್ಪ ಕಾಯಿರಿ ಅಂತ. ಸೆಗಾ ಹೀಗೆ ಹೇಳೋ ಹಾಗೇ ಇರ್ಲಿಲ್ಲ, ಸ್ಯಾಟರ್ನ್ ಗೇಮ್ ಡ್ರೀಮ್‌ಕಾಸ್ಟ್‌ನಲ್ಲಿ ಓಡಲ್ಲ.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಎಲ್ರಿಗೂ ಗೊತ್ತಲ್ಲ, ಸುಡೋ ಹಾಲಿಗೆ ಬಾಯಿ ಹಾಕಿ ಸುಟ್ಕೊಂಡಿದ್ದು ಆಮೇಲೆ ತಣ್ಣನೆ ಹಾಲು ಇಟ್ರೂ ಓಡಿಹೋಗ್ತಿತ್ತು. ಸೆಗಾ ಸಿಡಿ, 32ಎಕ್ಸ್, ಸ್ಯಾಟರ್ನ್, ಹೀಗೆ ಮೂರು ಸಲ ಬಾಯಿ ಸುಟ್ಕೊಂಡ ಗಿರಾಕಿ ಮುಂದೆ ಸೆಗಾ ಈಗ ನಿಜವಾಗ್ಲೂ ಒಳ್ಳೇ ಹಾಲು ಇಟ್ಟಿತ್ತು. ಪಿಎಸ್2 ಅಮೆರಿಕಾಗೆ ಬಂದಾಗ ಚಿಪ್ ಕೊರತೆಯಿಂದ ಮೊದಲ ದಿನಕ್ಕೆ 10 ಲಕ್ಷದ ಬದಲು 5 ಲಕ್ಷ ಮಾತ್ರ ಬಂತು, ಜನಕ್ಕೆ ಸಿಕ್ತಿರ್ಲಿಲ್ಲ, ಬೆಲೆ 299. ಪಕ್ಕದಲ್ಲೇ ಡ್ರೀಮ್‌ಕಾಸ್ಟ್ 149ಕ್ಕೆ, ಕೈಗೆ ಸಿಗೋ ಹಾಗೆ, ಒಂದು ವರ್ಷದಲ್ಲಿ ಬಂದ ಗೇಮ್ ರಾಶಿ ಸಮೇತ. ಪಿಎಸ್2ನ ಶುರುವಿನ ಗೇಮ್‌ಗಳೂ ಅಷ್ಟಕ್ಕಷ್ಟೇ. ಇಷ್ಟೆಲ್ಲಾ ಇದ್ರೂ ಬಹಳ ಜನ ಕೈ ಕಟ್ಕೊಂಡು ಪಿಎಸ್2ಗೆ ಕಾದ್ರು. ಪಿಎಸ್2 ಕೊಂದಿತು ಅನ್ನೋ ಉತ್ತರ ಸಾಲದು ಅಂತ ನಾನು ಹೇಳೋದು ಈ ಒಂದು ಕ್ರಿಸ್‌ಮಸ್ ನೋಡಿ. ಸಾಮಾನು ಸಾಮಾನಿನ ಪೈಪೋಟಿ ಆಗಿದ್ರೆ ಆ ಕ್ರಿಸ್‌ಮಸ್ ಡ್ರೀಮ್‌ಕಾಸ್ಟ್‌ದಾಗಿರ್ತಿತ್ತು.

ಪೈರಸಿ ಬಗ್ಗೆನೂ ಜನ ಹೇಳ್ತಾರೆ. ಸೆಗಾ ತನ್ನ ಗೇಮ್‌ಗಳನ್ನ 1 ಜಿಬಿ ಹಿಡಿಯೋ ಜಿಡಿ-ರಾಮ್ ಅನ್ನೋ ವಿಶೇಷ ಡಿಸ್ಕ್‌ನಲ್ಲಿ ಕೊಡ್ತಿತ್ತು, ಅದನ್ನ ಮನೇಲಿ ನಕಲು ಮಾಡೋಕೆ ಆಗ್ತಿರ್ಲಿಲ್ಲ. ಆದ್ರೆ ಸಂಗೀತಕ್ಕೆ ಅಂತ ಎಂಐಎಲ್-ಸಿಡಿ ಅನ್ನೋ ಇನ್ನೊಂದು ಬಾಗಿಲು ಮಷೀನಲ್ಲಿ ಬಿಟ್ಟಿದ್ರು, 2000ದ ಮಧ್ಯದಲ್ಲಿ ಅದೇ ಬಾಗಿಲಿಂದ ಕಳ್ಳರು ನುಗ್ಗಿದ್ರು. ಆಡಿಯೋ ವಿಡಿಯೋ ಕುಗ್ಗಿಸಿ ಸಾಮಾನ್ಯ ಸಿಡಿಗೆ ಗೇಮ್ ಹಿಡಿಸ್ತಿದ್ರು, ಮಷೀನ್ ಬಿಚ್ಚಿ ಚಿಪ್ ಬೆಸುಗೆ ಹಾಕೋ ಕೆಲಸವೂ ಬೇಡ. ದೊಡ್ಡ ತೂತು, ಒಪ್ತೀನಿ. ಆದ್ರೆ ಪ್ಲೇಸ್ಟೇಷನ್ ಒಂದು, ಎರಡು ಎರಡಕ್ಕೂ ಪೈರಸಿ ಇತ್ತು, ಬೆಂಗಳೂರಿನ ಗೇಮ್ ಪಾರ್ಲರ್‌ಗಳಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಪಿಎಸ್2 ಆಡಿದೋರಿಗೆ ಆ ಡಿಸ್ಕ್‌ಗಳು ಎಂಥವು ಅಂತ ಗೊತ್ತಿದೆ. ಆ ಮಷೀನ್ 15.5 ಕೋಟಿ ದಾಟಿ ಹೋಯ್ತು. ಹಾಗಾಗಿ ಪೈರಸಿಯಿಂದಲೇ ಸತ್ತೋಯ್ತು ಅನ್ನೋದನ್ನ ನಾನು ಒಪ್ಪಲ್ಲ.

ಕೊನೆಗೆ ಉಳಿಯೋದು ದುಡ್ಡು. ಅಮೆರಿಕಾದಲ್ಲಿ 2000ದ ಕೊನೆಗೆ 50 ಲಕ್ಷ ಮಷೀನ್ ಮುಟ್ಟಿದ್ರೆ ಉಳೀತೀವಿ ಅಂತ ಪೀಟರ್ ಮೂರ್ ಲೆಕ್ಕ ಹಾಕಿದ್ರು, ಮುಟ್ಟಿದ್ದು ಸುಮಾರು 30 ಲಕ್ಷ. ನಷ್ಟಕ್ಕೆ ಮಾರಿದ ಪೆಟ್ಟಿಗೆ, ಇಳಿಸಿದ ಬೆಲೆ, ಆನ್‌ಲೈನ್ ಸರ್ವರ್ ಖರ್ಚು, ಎಲ್ಲಾ ಸೇರಿ 2001ರ ಮಾರ್ಚಿಗೆ ಮುಗಿದ ವರ್ಷಕ್ಕೆ 5,170 ಕೋಟಿ ಯೆನ್ ನಷ್ಟ. ಅದೇ ವರ್ಷ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ತಂತು, ಅದೂ ಪಿಎಸ್2 ಮುಂದೆ ಸೋತು ಸುಮಾರು 400 ಕೋಟಿ ಡಾಲರ್ ಕಳ್ಕೊಂಡ್ತು ಅಂತ ವರದಿಗಳು ಹೇಳ್ತವೆ. ಆದ್ರೆ ಅವ್ರಿಗೆ ವಿಂಡೋಸ್, ಆಫೀಸ್ ಮಾರಿದ ದುಡ್ಡಿತ್ತು, 2005ಕ್ಕೆ ಇನ್ನೊಂದು ಮಷೀನ್ ತಂದು ನಿಂತ್ಕೊಂಡ್ರು. ಒಂದು ಸಲ ಸೋತು ಇನ್ನೊಂದು ಸಲ ಬರೋದಕ್ಕೂ ದುಡ್ಡು ಬೇಕು, ಸೆಗಾ ಆ ದುಡ್ಡನ್ನೆಲ್ಲ ಸ್ಯಾಟರ್ನ್ ಕಾಲದಲ್ಲೇ ಕಳೆದಿತ್ತು.

ಘೋಷಣೆ ಆದ್ಮೇಲೆ ಫೆಬ್ರವರೀಲಿ ಬೆಲೆ 99 ಡಾಲರಿಗೆ ಇಳಿಸಿದ್ರು, ಉಳಿದ ಸ್ಟಾಕ್ ಖಾಲಿ ಮಾಡೋಕೆ. ಒಟ್ಟು ಹೋಗಿದ್ದು 91.3 ಲಕ್ಷ, ಸ್ಯಾಟರ್ನ್‌ಗಿಂತ ಸ್ವಲ್ಪ ಕಮ್ಮಿ. ಸೆಗಾ ಅಲ್ಲಿಂದ ಮುಂದೆ ಮಷೀನ್ ಬಿಟ್ಟು ಬೇರೆಯವ್ರ ಮಷೀನುಗಳಿಗೆ ಗೇಮ್ ಮಾತ್ರ ಮಾಡೋ ಕಂಪನಿ ಆಯ್ತು, ಆ ದಾರಿ ಹಿಡಿಯೋಕೆ ಅದು ಉಳಿದಿದ್ದೇ ಒಬ್ಬ ಮನುಷ್ಯನಿಂದ. ಇಸಾವೋ ಒಕಾವಾ, ಸೆಗಾದ ಮಾತೃ ಸಂಸ್ಥೆ ಸಿಎಸ್‌ಕೆ ಕಟ್ಟಿದೋರು, 1999ರಲ್ಲಿ ತಮ್ಮ ಕೈಯಿಂದ 50 ಕೋಟಿ ಡಾಲರ್ ಸೆಗಾಗೆ ಸಾಲ ಕೊಟ್ಟಿದ್ರು. ಆರೋಗ್ಯ ಕೆಟ್ಟು ಕೊನೇ ದಿನಗಳು ಹತ್ರ ಬಂದಾಗ ಆ ಸಾಲ ಪೂರ್ತಿ ಮನ್ನಾ ಮಾಡಿದ್ರು, ತಮ್ಮ ಹತ್ರ ಇದ್ದ ಸೆಗಾ ಮತ್ತು ಸಿಎಸ್‌ಕೆ ಷೇರುಗಳನ್ನೂ, ಬೆಲೆ 69.5 ಕೋಟಿ ಡಾಲರ್, ವಾಪಸ್ ಕೊಟ್ಟುಬಿಟ್ರು. 2001ರ ಮಾರ್ಚ್ 16ಕ್ಕೆ ತೀರ್ಕೊಂಡ್ರು. ಡ್ರೀಮ್‌ಕಾಸ್ಟ್ ತಯಾರಿಕೆ ನಿಲ್ಲಿಸೋಕೆ ಸೆಗಾ ಇಟ್ಟಿದ್ದ ತಾರೀಕು ಮಾರ್ಚ್ 31.